ಹೊಳೆದಂಡೆ ಯಾರದು?



ಈ ಉಪನ್ಯಾಸದ ದತ್ತಿಯ ಪತ್ರದಲ್ಲಿ ಒಂದು ಷರತ್ತಿದೆ. ವರ್ಷಕ್ಕೊಬ್ಬರು ಬಂದು ತಾವು ಕಂಡ ಒಂದು ಊರಿನ ಬಗ್ಗೆ ಮಾತಾಡಬೇಕು; ಆದರೆ ಅದು ಪ್ರವಾಸದ ವರದಿ ಆಗಬಾರದು. ಷರತ್ತು ಬರೆದವರು ಜಾಣರು. ಹೊರದೇಶಕ್ಕೆ ಹೋಗಿಬಂದವರ ಮಾತು ನಮ್ಮಲ್ಲಿ ಎರಡೇ ಜಾಡು ಹಿಡಿಯುತ್ತದೆ. ಅಲ್ಲಿನ ರಸ್ತೆಯ ಮೇಲೆ ಎಲೆ ಹಾಕಿಕೊಂಡು ಉಣ್ಣಬಹುದು ಎಂಬುದು ಒಂದು. ಏನೇ ಆಗಲಿ ನಮ್ಮೂರೇ ವಾಸಿ ಎಂಬುದು ಇನ್ನೊಂದು. ಎರಡನ್ನೂ ಕೇಳಿ ಕೇಳಿ ನಿಮಗೂ ಸಾಕಾಗಿದೆ. ಹಾಗಾಗಿ ಇವತ್ತು ಬ್ರಿಸ್ಬೇನ್ ಎಂಬ ಊರನ್ನು ಒಂದೇ ಪ್ರಶ್ನೆಯ ಬೆನ್ನು ಹತ್ತಿ ನೋಡುತ್ತೇನೆ. ಊರ ನಡುವೆ ಹೊಳೆ ಹರಿಯುತ್ತಿದ್ದರೆ ಅದರ ದಂಡೆ ಯಾರಿಗೆ ಸೇರಿದ್ದು?

ತುಂಗೆಯ ದಂಡೆಯಲ್ಲಿ ಬೆಳೆದವನು ನಾನು. ಬಟ್ಟೆ ಒಗೆಯುವವರು, ಎಮ್ಮೆ ಮೈತೊಳೆಸುವವರು, ಅರ್ಘ್ಯ ಬಿಡುವವರು, ಶಾಲೆ ತಪ್ಪಿಸಿ ಈಜುವ ಹುಡುಗರು, ಎಲ್ಲರಿಗೂ ಅಲ್ಲಿ ಜಾಗವಿತ್ತು. ಎಲ್ಲರಿಗೂ ಎಂದೆ, ಯಾರು ಎಲ್ಲಿ ಇಳಿಯಬೇಕು ಎಂಬ ಕಟ್ಟಳೆ ಆಗಲೂ ಇತ್ತು, ಅದನ್ನು ಮರೆತು ಮಾತಾಡುವುದು ಬೇಡ. ದಂಡೆಯ ಪ್ರಶ್ನೆ ಎಲ್ಲ ಊರಿನದೂ ಹೌದು. ಬ್ರಿಸ್ಬೇನ್ ಅದಕ್ಕೆ ಉತ್ತರ ಹುಡುಕಿದ ಬಗೆ ಸ್ವಾರಸ್ಯವಾಗಿದೆ ಎಂಬ ಕಾರಣಕ್ಕೆ ಆ ಊರನ್ನು ಆರಿಸಿಕೊಂಡೆ. ಮಗಳು ಅಳಿಯ ಅಲ್ಲಿದ್ದಾರೆ ಎಂಬುದು ಎರಡನೆಯ ಕಾರಣ. ಈ ಸಭೆಯಲ್ಲೇ ಅಂಥ ಕಾರಣ ಇರುವವರು ಹಲವರು ಕಾಣುತ್ತಿದ್ದಾರೆ.

ಬ್ರಿಸ್ಬೇನ್ ಎಂದರೆ ಕ್ರಿಕೆಟ್ ಬಲ್ಲವರಿಗೆ ಗಾಬಾ ಮೈದಾನ. 1988ರಿಂದ ಅಲ್ಲಿ ಟೆಸ್ಟ್ ಪಂದ್ಯ ಸೋತೇ ಇರದ ಆಸ್ಟ್ರೇಲಿಯಾವನ್ನು 2021ರ ಜನವರಿಯಲ್ಲಿ ನಮ್ಮವರು ಸೋಲಿಸಿದ ಮೇಲೆ ಕ್ರಿಕೆಟ್ ಅರಿಯದವರಿಗೂ ಆ ಹೆಸರು ಗೊತ್ತಾಯಿತು. ಕ್ವೀನ್ಸ್‌ಲ್ಯಾಂಡ್ ರಾಜ್ಯದ ರಾಜಧಾನಿ. ಸಿಡ್ನಿ, ಮೆಲ್ಬರ್ನ್ ಬಿಟ್ಟರೆ ಆ ದೇಶದ ಮೂರನೆಯ ದೊಡ್ಡ ನಗರ. ಸುತ್ತಲಿನ ಬಡಾವಣೆ ಸೇರಿ ಜನಸಂಖ್ಯೆ 25 ಲಕ್ಷ ದಾಟಿದೆ. ಸುಮಾರು 344 ಕಿಲೋಮೀಟರ್ ಉದ್ದದ ಬ್ರಿಸ್ಬೇನ್ ನದಿ ಊರೊಳಗೆ ಸೊಟ್ಟಸೊಟ್ಟಾಗಿ ಹತ್ತಾರು ತಿರುವು ತಿರುಗಿ ಮೋರ್ಟನ್ ಕೊಲ್ಲಿ ಸೇರುತ್ತದೆ. ನೀರಿನ ಬಣ್ಣ ನೋಡಿ ಊರಿನವರು ಅದನ್ನು ಕಂದು ಹಾವು ಎಂದೇ ಕರೆಯುತ್ತಾರೆ. ಆ ನೆಲದ ಮೂಲನಿವಾಸಿಗಳಾದ ತುರ್‍ರಬಲ್, ಯಗ್ಗೆರ ಜನರಿಗೆ ನದಿ ಮೈವಾರ್, ಊರಿರುವ ಜಾಗ ಮಿಯಾಂಜಿನ್. ಈಗ ಸರ್ಕಾರಿ ಸಭೆಗಳಲ್ಲೂ ಈ ಹೆಸರುಗಳನ್ನು ಹೇಳಿಯೇ ಮಾತು ಶುರು ಮಾಡುತ್ತಾರೆ.

ಹೇಳುತ್ತಾರೆ, ಸರಿ. ಆದರೆ ದಂಡೆಯ ಮೊದಲ ಕಥೆ ಬಿಡಿಸುವ ಕಥೆಯೇ. 1824ರಲ್ಲಿ ಬ್ರಿಟಿಷರು ಕೊಲ್ಲಿಯ ದಡದ ರೆಡ್‌ಕ್ಲಿಫ್‌ನಲ್ಲಿ ಕೈದಿಗಳ ಶಿಬಿರ ಹೂಡಿದರು. ಸಿಡ್ನಿಗೆ ಸಾಗಿಸಿದ ಮೇಲೂ ಮತ್ತೆ ತಪ್ಪು ಮಾಡಿದ ಕೈದಿಗಳಿಗೆಂದು ಮಾಡಿದ ಜಾಗ ಅದು. ಮರುವರ್ಷ ಶಿಬಿರ ಹೊಳೆಯ ದಂಡೆಗೆ ಬಂತು. 1842ರಲ್ಲಿ ಬಿಳಿಯ ವಲಸಿಗರಿಗೆ ಊರು ತೆರೆದುಕೊಂಡಿತು. ಅಲ್ಲಿಂದಾಚೆ ಊರಿಗೊಂದು ಎಲ್ಲೆ ಬಿತ್ತು. ಸಂಜೆಯಾದ ಮೇಲೆ ಮತ್ತು ಭಾನುವಾರ ಮೂಲನಿವಾಸಿಗಳು ಆ ಎಲ್ಲೆಯೊಳಗೆ ಇರಕೂಡದು. ಎಲ್ಲೆ ಹಾದುಹೋದ ಕಡೆ ಇವತ್ತಿಗೂ ಬೌಂಡರಿ ಸ್ಟ್ರೀಟ್ ಎಂಬ ಬೀದಿಗಳಿವೆ. ಹೊಳೆಯ ತೆಂಕಣ ದಂಡೆಯ ವೆಸ್ಟ್ ಎಂಡ್‌ನಲ್ಲಿರುವ ಬೌಂಡರಿ ಸ್ಟ್ರೀಟಿನಲ್ಲಿ ಈಗ ಕಾಫಿ ಅಂಗಡಿಗಳ ಸಾಲು. ಮಕ್ಕಳ ಮನೆಗೆ ಬಂದ ನಮ್ಮಂಥ ತಂದೆತಾಯಿಗಳು ಅಲ್ಲೇ ಕುಳಿತು ಕಾಫಿ ಕುಡಿದು ಎದ್ದುಬರುತ್ತೇವೆ. ಬೀದಿಯ ಹೆಸರು ಯಾರಿಗೂ ಏನೂ ಹೇಳುವುದಿಲ್ಲ.

ಆಮೇಲಿನ ನೂರು ವರ್ಷ ದಂಡೆ ಹಡಗುಗಳದಾಯಿತು. ಗೋದಾಮು, ಜೆಟ್ಟಿ, ಉಣ್ಣೆಯ ಉಗ್ರಾಣ, ಕಲ್ಲಿದ್ದಲು. ಹಡಗುಗಳು ದೊಡ್ಡವಾಗಿ ಬಂದರು ಹೊಳೆಯ ಬಾಯಿಗೆ ಹೋದ ಮೇಲೆ ಉಳಿದದ್ದು ತುಕ್ಕು ಹಿಡಿದ ತಗಡಿನ ಮನೆಗಳು. ಊರಿನವರಿಗೆ ಹೊಳೆಯೆಂದರೆ ಹಿತ್ತಿಲು, ಮನೆಗಳ ಮುಖವೆಲ್ಲ ರಸ್ತೆಯ ಕಡೆ. ಇದು ಸಾಲದು ಎಂಬಂತೆ 1970ರ ದಶಕದಲ್ಲಿ ಉತ್ತರ ದಂಡೆಗುಂಟ, ನೀರಿನಲ್ಲೇ ಕಂಬ ಊರಿ ಕಾರಿನ ಹೆದ್ದಾರಿ ಎಬ್ಬಿಸಿದರು. ಅದು ಇವತ್ತಿಗೂ ಹಾಗೇ ಇದೆ. ಪೇಟೆಯ ಕಚೇರಿಯಿಂದ ಇಳಿದು ಹೊಳೆಗೆ ಹೋಗಬೇಕೆಂದರೆ ಅದರ ಹೊಟ್ಟೆಯಡಿ ನುಸಿಯಬೇಕು. ಚಂದದ ಊರುಗಳೂ ಎಂಥ ಕುರೂಪವನ್ನು ಕಟ್ಟಿಕೊಳ್ಳಬಲ್ಲವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನಾನು ಕಂಡಿಲ್ಲ.

ತಿರುವು ಬಂದದ್ದು 1988ರಲ್ಲಿ. ಏಪ್ರಿಲ್ 30ರಿಂದ ಅಕ್ಟೋಬರ್ 30ರವರೆಗೆ ತೆಂಕಣ ದಂಡೆಯಲ್ಲಿ ವಿಶ್ವ ಪ್ರದರ್ಶನ ನಡೆಯಿತು. ಹಳೆಯ ಗೋದಾಮುಗಳನ್ನೆಲ್ಲ ಕೆಡವಿ ಜಾಗ ಮಾಡಿದರು. ಸುತ್ತಲ ಬಾಡಿಗೆ ಮನೆಗಳಲ್ಲಿದ್ದ ಬಡವರು ಬಾಡಿಗೆ ಏರಿದ್ದರಿಂದ ಊರಾಚೆ ಹೋದರು. ಅವರ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಒಳಗೆ ಬಂದವರು ಮಾತ್ರ ಕೋಟಿ ದಾಟಿದರು. ಆರು ತಿಂಗಳು ಊರಿನ ಜನ ಸಂಜೆಯಾದರೆ ಹೊಳೆಯ ಪಕ್ಕ ಓಡಾಡಿದರು, ಬೆಳಕು ನೋಡಿದರು, ಹೊರಗೆ ಕುಳಿತು ಉಂಡರು. ಆ ಅಭ್ಯಾಸ ಒಮ್ಮೆ ಹತ್ತಿತಲ್ಲ, ಬಿಡಲಿಲ್ಲ.

ಪ್ರದರ್ಶನ ಮುಗಿದ ಮೇಲೆ ಆ ನೆಲವನ್ನು ಖಾಸಗಿ ಬಂಡವಾಳಗಾರರಿಗೆ ಕೊಡುವುದೆಂದು ಸರ್ಕಾರ ಯೋಚಿಸಿತ್ತು. ಗೋಪುರ ಕಟ್ಟಡ, ಹೋಟೆಲು, ವ್ಯಾಪಾರ ಕೇಂದ್ರ, ಎಲ್ಲ ಕಾಗದದ ಮೇಲೆ ಎದ್ದು ನಿಂತಿದ್ದವು. ಊರಿನ ಜನ ಒಪ್ಪಲಿಲ್ಲ. ಪತ್ರಿಕೆಗೆ ಬರೆದರು, ಸಭೆ ಸೇರಿದರು, ಸಹಿ ಹಾಕಿದರು. ಯೋಜನೆ ಬಿದ್ದುಹೋಯಿತು. 1992ರ ಜೂನ್ 20ರಂದು ಸೌತ್ ಬ್ಯಾಂಕ್ ಪಾರ್ಕ್‌ಲ್ಯಾಂಡ್ಸ್ ತೆರೆಯಿತು. ಸುಮಾರು 17 ಹೆಕ್ಟೇರ್, ಅಂದರೆ 40 ಎಕರೆಗೂ ಮೇಲೆ, ಪೇಟೆಯ ಎದುರು, ಊರಿನಲ್ಲೇ ಅತಿ ಬೆಲೆಬಾಳುವ ನೆಲ. ಗೇಟಿಲ್ಲ, ಟಿಕೆಟ್ಟಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬ್ರಿಸ್ಬೇನಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಜಾಗ ಇದು.

ಬಿಸಿಲಿನ ಊರು, ಆದರೆ ಪೇಟೆಗೆ ಹತ್ತಿರದಲ್ಲಿ ಕಡಲ ತೀರವಿಲ್ಲ. ಹೊಳೆಗೆ ಇಳಿಯೋಣವೆಂದರೆ ನೀರು ಕೆಸರು. ಮೇಲಾಗಿ ಬುಲ್ ಶಾರ್ಕ್ ಎಂಬ ಜಾತಿಯ ಶಾರ್ಕುಗಳು ಉಪ್ಪುನೀರಿನಿಂದ ಒಳನಾಡಿನವರೆಗೂ ಈಜಿಬರುತ್ತವೆ. ಹಾಗಾಗಿ ಪಾರ್ಕಿನೊಳಗೇ ಒಂದು ತೀರ ಮಾಡಿಟ್ಟಿದ್ದಾರೆ. ಮೋರ್ಟನ್ ಕೊಲ್ಲಿಯ ಬಿಳಿ ಮರಳು ಹಾಸಿ, ಶುದ್ಧ ಮಾಡಿದ ನೀರು ತುಂಬಿಸಿ, ಅಂಚಿಗೆ ತಾಳೆಯ ಜಾತಿಯ ಮರ ನೆಟ್ಟು, ಕಾವಲಿಗೆ ಈಜುಗಾರರನ್ನು ಕೂರಿಸಿದ್ದಾರೆ. ಅದಕ್ಕೆ ಸ್ಟ್ರೀಟ್ಸ್ ಬೀಚ್ ಎಂದು ಐಸ್‌ಕ್ರೀಮ್ ಕಂಪನಿಯೊಂದರ ಹೆಸರು. ಕೇಳಿದರೆ ನಗು ಬರುತ್ತದೆ: ಹೊಳೆಯ ಪಕ್ಕ ಹುಸಿ ಕಡಲು! ನಾನೂ ಮೊದಮೊದಲು ಮೂಗು ಮುರಿದೆ. ಆಮೇಲೆ ಅಲ್ಲಿ ಯಾರು ಕುಳಿತಿರುತ್ತಾರೆ ಎಂದು ನೋಡತೊಡಗಿದೆ. ಬುರ್ಖಿನಿ ತೊಟ್ಟ ತಾಯಿ ಮಗುವನ್ನು ನೀರಿಗೆ ಇಳಿಸುತ್ತಿದ್ದಾಳೆ. ಪಂಜಾಬಿನ ಅಜ್ಜ ಪೈಜಾಮ ಮೊಣಕಾಲಿನವರೆಗೆ ಮಡಿಚಿ ಮರಳಿನಲ್ಲಿ ಕಾಲೂರಿದ್ದಾನೆ. ಆಸ್ಪತ್ರೆಯ ಪಾಳಿ ಮುಗಿಸಿದ ನರ್ಸು ಸಮವಸ್ತ್ರದಲ್ಲೇ ಮಲಗಿಬಿಟ್ಟಿದ್ದಾಳೆ. ಎದುರಿನ ಗಾಜಿನ ಗೋಪುರದಲ್ಲಿ ಕೋಟಿಗಟ್ಟಲೆ ದುಡಿಯುವವನೂ, ಆ ಗೋಪುರದ ನೆಲ ಒರೆಸುವವಳೂ ಒಂದೇ ಮರಳಿಗೆ ಬರುತ್ತಾರೆ. ಕಡಲು ಹುಸಿ ಇರಬಹುದು, ಮರಳಿನ ಮೇಲಿನ ಹಕ್ಕು ಹುಸಿಯಲ್ಲ.

ಪಾರ್ಕಿನ ತುಂಬ ವಿದ್ಯುತ್ತಿನ ಒಲೆಗಳಿವೆ. ಉಕ್ಕಿನ ಕಟ್ಟೆಯ ಮೇಲೆ ಚೌಕ ಕಾವಲಿ, ಪಕ್ಕದಲ್ಲಿ ಒಂದು ಗುಂಡಿ. ಒತ್ತಿದರೆ ಕಾವಲಿ ಕಾಯುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ, ಮತ್ತೆ ಒತ್ತಬೇಕು. ಕಾಸು ಕೊಡಬೇಕಿಲ್ಲ. ಊರವರು ಅದರ ಮೇಲೆ ಮಾಂಸ ಸುಡುತ್ತಾರೆ. ನಮ್ಮ ಕನ್ನಡದ ಕುಟುಂಬಗಳು ಬಂದರೆ ಮೊದಲು ಅಲ್ಯೂಮಿನಿಯಂ ಹಾಳೆ ಹಾಸುತ್ತಾರೆ, ಆಮೇಲೆ ಜೋಳ, ಪನೀರು, ಒಮ್ಮೊಮ್ಮೆ ಡಬ್ಬಿಯಲ್ಲಿ ತಂದ ಹಿಟ್ಟಿನಿಂದ ದೋಸೆ. ಹಾಳೆಯ ಮೇಲೆ ದೋಸೆ ಏಳುವುದಿಲ್ಲ. ಎದ್ದರೂ ಹರಿದು ಬರುತ್ತದೆ. ಆದರೂ ಹುಯ್ಯುವುದನ್ನು ಬಿಡುವುದಿಲ್ಲ. ಎಲ್ಲರೂ ಕಲಿತ ಒಂದು ಶಿಸ್ತು ನನ್ನ ಮನಸ್ಸಿನಲ್ಲಿ ಉಳಿದಿದೆ. ಏಳುವ ಮುಂಚೆ ಕಾವಲಿಯನ್ನು ಕೆರೆದು, ಒರೆಸಿ, ಮುಂದಿನವರಿಗೆ ಬಿಟ್ಟು ಹೋಗುತ್ತಾರೆ. ಕಾವಲುಗಾರ ಯಾರೂ ಇಲ್ಲ.

ಅದೇ ಪಾರ್ಕಿನಲ್ಲಿ ತರಕಾರಿ, ಸೊಪ್ಪು, ಹಣ್ಣು ಬೆಳೆಯುವ ತೋಟವೊಂದಿದೆ. ಸ್ವಯಂಸೇವಕರು ಕೊಯ್ದು ಒಂದು ಗಾಡಿಯಲ್ಲಿ ಇಡುತ್ತಾರೆ, ಬೇಕಾದವರು ಹಿಡಿಯಷ್ಟು ಒಯ್ಯಬಹುದು. ಸ್ವಲ್ಪ ಮುಂದೆ ನೇಪಾಳದ ಪಗೋಡ. ವಿಶ್ವ ಪ್ರದರ್ಶನಕ್ಕೆಂದು ನೇಪಾಳದ ಕುಶಲಕರ್ಮಿಗಳು ಕೈಯಿಂದ ಕೆತ್ತಿದ ಮರದ ಮಂಟಪ ಅದು. ಪ್ರದರ್ಶನ ಮುಗಿದ ಮೇಲೆ ಕಳಚಿ ಸಾಗಿಸುವ ಮಾತು ಬಂದಾಗ ಊರಿನವರು ಸಹಿ ಹಾಕಿ, ಹಣ ಕೂಡಿಸಿ ಉಳಿಸಿಕೊಂಡರು. ಕಾಗದದ ಹೂವಿನ ಬಳ್ಳಿ ಹಬ್ಬಿದ ಉಕ್ಕಿನ ಚಪ್ಪರವೊಂದು ಈ ತುದಿಯಿಂದ ಆ ತುದಿಗೆ ಒಂದು ಕಿಲೋಮೀಟರ್ ನೆರಳು ಕೊಡುತ್ತದೆ. ಅಂಥ ಊರಿಗೆ ನೆರಳು ಎಷ್ಟು ಮುಖ್ಯ ಎಂಬುದು ಬೇಸಿಗೆಯ ಮಧ್ಯಾಹ್ನ ಅಲ್ಲಿ ನಡೆದವರಿಗೇ ಗೊತ್ತು.

ಬಿಸಿಲಿನ ಮಾತು ಬಂತು. ಕ್ವೀನ್ಸ್‌ಲ್ಯಾಂಡಿನ ವಾಹನಗಳ ನಂಬರ್ ಪ್ಲೇಟಿನಲ್ಲಿ ಬಿಸಿಲಿನ ರಾಜ್ಯ ಎಂದು ಬರೆದುಕೊಂಡು ತಿರುಗುತ್ತಿದ್ದವರು ಅವರು. ಆದರೆ ಆ ಬಿಸಿಲು ನಮ್ಮ ರಾಯಚೂರಿನ ಬಿಸಿಲಲ್ಲ. ಸೆಖೆ ಅಷ್ಟಿರುವುದಿಲ್ಲ, ಗಾಳಿ ಬೀಸುತ್ತಿರುತ್ತದೆ, ಆಕಾಶ ತೊಳೆದಿಟ್ಟ ಹಾಗೆ. ಏನೂ ಆಗುತ್ತಿಲ್ಲ ಎನಿಸುವಾಗಲೇ ಚರ್ಮ ಬೆಂದಿರುತ್ತದೆ. ಬೇಸಿಗೆಯಲ್ಲಿ ಅತಿನೇರಳೆ ಕಿರಣದ ಸೂಚ್ಯಂಕ 11 ದಾಟುವುದು ದಿನನಿತ್ಯದ ಸಂಗತಿ. ಚರ್ಮದ ಕ್ಯಾನ್ಸರಿನಲ್ಲಿ ಆ ರಾಜ್ಯ ಇಡೀ ಜಗತ್ತಿನಲ್ಲೇ ಮುಂದಿದೆ. 1981ರಲ್ಲಿ ಆಸ್ಟ್ರೇಲಿಯಾದಲ್ಲಿ ಅಂಗಿ ತೊಡಿ, ಲೇಪ ಹಚ್ಚಿ, ಟೊಪ್ಪಿ ಹಾಕಿ ಎಂಬ ಪ್ರಚಾರ ಶುರುವಾಯಿತು. ಅದರಲ್ಲಿ ಹಾಡಿ ಕುಣಿದದ್ದು ಒಂದು ಕಡಲಹಕ್ಕಿ. ಈಗ ಶಾಲೆಗಳಲ್ಲಿ ಟೊಪ್ಪಿ ಇಲ್ಲದ ಮಗುವಿಗೆ ಆಟಕ್ಕೆ ಬಿಡುವಿಲ್ಲ. ನನ್ನ ಮೊಮ್ಮಗಳು ಬಾಗಿಲಲ್ಲಿ ನಿಂತು, "ಅಜ್ಜ, ಟೊಪ್ಪಿ ಎಲ್ಲಿ? ಟೊಪ್ಪಿ ಇಲ್ಲಾಂದ್ರೆ ನೀವು ಬರೋ ಹಾಗಿಲ್ಲ" ಎಂದು ಕಾನೂನು ಹೇಳುತ್ತಿದ್ದಳು. ಹೋಗುವವರು ಈ ಕಾನೂನಿಗೆ ತಲೆಬಾಗುವುದು ಒಳ್ಳೆಯದು. ಕಪ್ಪು ಚರ್ಮಕ್ಕೆ ಏನೂ ಆಗುವುದಿಲ್ಲ ಎಂಬ ಧೈರ್ಯ ಬೇಡ.

ಇನ್ನೊಂದು ವಿಚಿತ್ರ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ ಸಿಡ್ನಿಯಲ್ಲಿದೆ, ಮೆಲ್ಬರ್ನಿನಲ್ಲಿದೆ, ಇಲ್ಲಿಲ್ಲ. 1992ರಲ್ಲಿ ಜನಮತ ಕೇಳಿದಾಗ ಕ್ವೀನ್ಸ್‌ಲ್ಯಾಂಡಿನವರು ಬೇಡವೆಂದರು. ಹೀಗಾಗಿ ಡಿಸೆಂಬರಿನಲ್ಲಿ ಐದು ಗಂಟೆಗೆ ಮುಂಚೆಯೇ ಬೆಳ್ಳಂಬೆಳಗು. ಐದೂವರೆಗೆಲ್ಲ ಹೊಳೆದಂಡೆಯ ದಾರಿಯಲ್ಲಿ ಜನವೋ ಜನ. ಬೆಳಗಿನ ಜಾವ ಎದ್ದು ಅಭ್ಯಾಸವಿರುವ ನಮ್ಮ ಕಡೆಯ ಹಿರಿಯರಿಗೆ ಇಷ್ಟು ಅನುಕೂಲವಾದ ವಿದೇಶಿ ಊರು ಬೇರೆ ಇರಲಾರದು.

ದಂಡೆಯ ಇನ್ನೊಂದು ಉಪಕಾರ ಸಿಟಿಕ್ಯಾಟ್ ದೋಣಿ. 1996ರಲ್ಲಿ ನಗರಸಭೆ ಶುರುಮಾಡಿದ ಸೇವೆ. ಜೋಡಿ ಒಡಲಿನ ವೇಗದ ದೋಣಿಗಳು ವಿಶ್ವವಿದ್ಯಾಲಯದಿಂದ ಹಳೆಯ ಬಂದರಿನ ಕಡೆಯ ಹ್ಯಾಮಿಲ್ಟನ್‌ವರೆಗೆ ಈ ದಡ ಆ ದಡ ಮುಟ್ಟುತ್ತ ಹೋಗುತ್ತವೆ. ಮೊದಲ ತಂಡದ ದೋಣಿಗಳಿಗೆ ಹೊಳೆಯ ಆಯಾ ತಾಣಗಳ ಮೂಲನಿವಾಸಿ ಹೆಸರುಗಳನ್ನೇ ಇಟ್ಟರು: ಕುರಿಲ್ಪ, ಬಿಂಕಿನ್ಬ, ಮಿಯಾಂಜಿನ್. ದೋಣಿ ಕಟ್ಟೆಗೆ ತಾಗುವ ಹೊತ್ತಿಗೆ ನೀಲಿ ಅಂಗಿಯ ಹುಡುಗಿಯೊಬ್ಬಳು ಹಗ್ಗವನ್ನು ಗೂಟಕ್ಕೆ ಎಂಟರ ಆಕಾರದಲ್ಲಿ ಸುತ್ತಿ ಜಗ್ಗುತ್ತಾಳೆ, ಹಲಗೆ ಎಳೆದು ಹಾಕುತ್ತಾಳೆ, ಗಾಲಿಕುರ್ಚಿಯವರನ್ನು ಮೊದಲು ಹತ್ತಿಸಿಕೊಳ್ಳುತ್ತಾಳೆ. ಎಲ್ಲ ಸೇರಿ ಒಂದು ನಿಮಿಷವೂ ಹಿಡಿಯುವುದಿಲ್ಲ. 2024ರ ಆಗಸ್ಟಿನಿಂದ ಬಸ್ಸು, ರೈಲು, ದೋಣಿ ಯಾವುದಕ್ಕೂ ಒಂದು ಪ್ರಯಾಣಕ್ಕೆ 50 ಸೆಂಟು ಮಾತ್ರ. ಪ್ರಯೋಗಕ್ಕೆಂದು ತಂದದ್ದನ್ನು ಆಮೇಲೆ ಕಾಯಂ ಮಾಡಿದರು. ಒಂದು ಕಾಫಿಯ ಬೆಲೆಯಲ್ಲಿ ಹತ್ತು ಸಲ ಹೊಳೆಯಲ್ಲಿ ತೇಲಬಹುದು. ಮುಂಭಾಗದ ತೆರೆದ ಅಂಗಳದಲ್ಲಿ ನಿಂತರೆ ಕಾಂಗರೂ ಪಾಯಿಂಟಿನ ಕಲ್ಲು ಗೋಡೆ, 1940ರ ಸ್ಟೋರಿ ಸೇತುವೆ, ಶ್ರೀಮಂತರ ಮನೆಗಳ ಖಾಸಗಿ ದೋಣಿಕಟ್ಟೆಗಳು, ಒಂದೊಂದಾಗಿ ಸರಿಯುತ್ತವೆ. ಖಾಸಗಿ ಕಟ್ಟೆಗಳನ್ನು ಬೇಕೆಂದೇ ಹೇಳಿದೆ. ದಂಡೆಯೆಲ್ಲ ಜನರದಾಗಿಬಿಟ್ಟಿದೆ ಎಂದು ನೀವು ತಿಳಿಯಬಾರದು. ಎಷ್ಟೋ ಕಡೆ ಮನೆಗಳ ಬೇಲಿ ನೀರಿನವರೆಗೂ ಇಳಿದಿದೆ, ಕಾಲುದಾರಿ ಅಲ್ಲಿ ತುಂಡಾಗಿ ಬೀದಿಗೆ ಹತ್ತಿಸುತ್ತದೆ.

ಉದ್ಯಾನಗಳ ಬಗ್ಗೆ ಒಂದೆರಡು ಮಾತು. ನಗರಸಭೆಯ ಲೆಕ್ಕದಲ್ಲಿ ಪಾರ್ಕುಗಳು 2000ಕ್ಕೂ ಹೆಚ್ಚು. ಎಲ್ಲಕ್ಕೂ ಹಿರಿಯದು 1855ರಲ್ಲಿ ಹೊಳೆಯ ಕೊಕ್ಕೆಯೊಳಗೆ ಮಾಡಿದ ಸಸ್ಯೋದ್ಯಾನ. ಕೈದಿಗಳು ಜೋಳ ತರಕಾರಿ ಬೆಳೆಯುತ್ತಿದ್ದ ನೆಲ ಅದು. ಮೊದಲ ಅಧಿಕಾರಿ ವಾಲ್ಟರ್ ಹಿಲ್ ಜಗತ್ತಿನ ಮೂಲೆಮೂಲೆಯಿಂದ ಬೀಜ ತರಿಸಿದ. ಆತ 1864ರಲ್ಲಿ ನೆಟ್ಟ ಜಕರಾಂಡ ಆ ದೇಶದಲ್ಲೇ ಮೊದಲನೆಯದು ಎನ್ನುತ್ತಾರೆ. ಗಾಡ್‌ಫ್ರೆ ರಿವರ್ಸ್ ಎಂಬ ಚಿತ್ರಕಾರ ಅದರಡಿ ಚಹಾ ಕುಡಿಯುತ್ತ ಕುಳಿತ ಚಿತ್ರವನ್ನು 1903ರಲ್ಲಿ ಬಿಡಿಸಿದ; ಮರ ಬಿರುಗಾಳಿಗೆ ಉರುಳಿತು, ಚಿತ್ರ ಕಲಾ ಗ್ಯಾಲರಿಯಲ್ಲಿದೆ. ಬೆಂಗಳೂರಿನಲ್ಲಿ ಮಾಗಿ ಕಳೆಯುವಾಗ ಅರಳುವ ಜಕರಾಂಡ ಅಲ್ಲಿ ಅಕ್ಟೋಬರಿನಲ್ಲಿ ಊರನ್ನೇ ನೇರಳೆ ಮಾಡುತ್ತದೆ. ಅದೇ ಪರೀಕ್ಷೆಯ ಕಾಲ. ಹೂ ಬಿದ್ದ ಮೇಲೂ ಓದಲು ಕೂರದವನು ಕೆಟ್ಟ ಎಂದು ವಿದ್ಯಾರ್ಥಿಗಳ ಮಾತು.

ಈ ತೋಟಕ್ಕೆ ಒಂದು ಕಹಿ ಕಥೆಯೂ ಅಂಟಿದೆ. 1862ರಲ್ಲಿ ಇಲ್ಲಿ ಬೆಳೆದ ಕಬ್ಬಿನಿಂದ ಜಾನ್ ಬುಹೋ ಎಂಬವನು ಸಕ್ಕರೆ ಮಾಡಿ ತೋರಿಸಿದ. ಮರುವರ್ಷವೇ ಕೃಷಿ ಕೂಲಿಗೆಂದು ಪೆಸಿಫಿಕ್ ದ್ವೀಪಗಳಿಂದ 67 ಜನರನ್ನು ತುಂಬಿಕೊಂಡು ಹಡಗು ಬ್ರಿಸ್ಬೇನಿಗೆ ಬಂತು. ಮುಂದಿನ ನಾಲ್ಕು ದಶಕದಲ್ಲಿ ಸುಮಾರು 62,000 ದ್ವೀಪವಾಸಿಗಳನ್ನು ಕರೆತಂದರು. ಕೆಲವರನ್ನು ಒಪ್ಪಿಸಿ, ಎಷ್ಟೋ ಜನರನ್ನು ಮೋಸದಿಂದ, ಬಲವಂತದಿಂದ. ಹೆಚ್ಚಿನವರು ಕಬ್ಬಿನ ಗದ್ದೆಗೆ ಹೋದರು. ಬಿಳಿಯರದೇ ದೇಶವಾಗಬೇಕೆಂಬ ಹುಚ್ಚು ಹತ್ತಿದಾಗ 1901ರ ಕಾನೂನು ಮಾಡಿ ಉಳಿದವರಲ್ಲಿ ಬಹುಮಂದಿಯನ್ನು ಹೊರಗಟ್ಟಿದರು. ತೋಟದ ಹೂವಿನ ಜೊತೆ ಇದನ್ನೂ ನೆನೆಯಬೇಕಾಗುತ್ತದೆ.

ಮಲೆನಾಡಿನವರಿಗೆ ಈ ಊರಿನ ಜೊತೆ ಗೊತ್ತಿಲ್ಲದ ಒಂದು ನೆಂಟಸ್ತಿಕೆಯಿದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿಕೊಂಡು ನೆಟ್ಟಗೆ ನಿಂತ ಸಿಲ್ವರ್ ಓಕ್ ಮರ ಎಲ್ಲಿಯದೆಂದು ಕೇಳಿದ್ದೀರಾ? ಇದೇ ಹೊಳೆಯ, ಇದೇ ಕರಾವಳಿಯ ಕಾಡಿನದು. ಸಸ್ಯ ಸಂಗ್ರಾಹಕ ಅಲನ್ ಕನ್ನಿಂಗ್‌ಹ್ಯಾಮ್ ಮೋರ್ಟನ್ ಕೊಲ್ಲಿಯ ಆಸುಪಾಸಿನಲ್ಲಿ ಆಯ್ದ ಮಾದರಿಯ ಮೇಲೆ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1830ರಲ್ಲಿ ಅದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟ. ನೆರಳಿಗೆಂದು ಬ್ರಿಟಿಷರು ನಮ್ಮ ಗುಡ್ಡಗಳಿಗೆ ತಂದರು. ಬೇಗ ಬೆಳೆಯುತ್ತದೆ, ಕಾಡುಮರಗಳ ಹಾಗೆ ಕಡಿಯಲು ಅಪ್ಪಣೆಯ ತಾಪತ್ರಯವಿಲ್ಲ ಎಂದು ನಮ್ಮವರು ನಂದಿ, ಮತ್ತಿ, ಅತ್ತಿಯ ಜಾಗದಲ್ಲೆಲ್ಲ ಅದನ್ನೇ ನೆಟ್ಟರು. ನಮ್ಮಲ್ಲಿ ಕೊಂಬೆ ಸವರಿಸಿಕೊಂಡು ಕಂಬದಂತೆ ನಿಂತ ಮರವನ್ನೇ ಕಂಡವನಿಗೆ ಅಲ್ಲಿ ಅದು ಮೈತುಂಬ ಕಿತ್ತಳೆ ಹೂ ಬಿಟ್ಟು, ಬಣ್ಣಬಣ್ಣದ ಗಿಳಿಗಳು ಮುತ್ತಿ ಜೇನು ಹೀರುವುದನ್ನು ಕಂಡಾಗ ಗುರುತು ಹತ್ತುವುದಕ್ಕೇ ಹೊತ್ತು ಬೇಕಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ದಂಡೆ ಸರ್ಕಾರದ್ದೋ ಸಾಹುಕಾರರದ್ದೋ ಜನರದ್ದೋ ಎಂದು ನಾವು ಜಗಳವಾಡುತ್ತೇವೆ. ಹೊಳೆಗೂ ಅದರಲ್ಲಿ ಒಂದು ಪಾಲಿದೆ. ಆ ಪಾಲನ್ನು ಅದು ಆಗಾಗ ಬಂದು ವಸೂಲಿ ಮಾಡಿಕೊಂಡು ಹೋಗುತ್ತದೆ.

1893ರ ಫೆಬ್ರವರಿಯಲ್ಲಿ ಒಂದೇ ತಿಂಗಳಲ್ಲಿ ಮೂರು ನೆರೆ. ನೀರು 8.35 ಮೀಟರ್ ಏರಿತು. ವಿಕ್ಟೋರಿಯಾ ಸೇತುವೆ ಕೊಚ್ಚಿಹೋಯಿತು. ಪಲೂಮ ಎಂಬ ಸರ್ಕಾರಿ ತೋಪಿನ ಹಡಗು ಲಂಗರು ಹರಿದು ತೇಲಿ ಸಸ್ಯೋದ್ಯಾನದ ಹುಲ್ಲಿನ ಮೇಲೆ ಕೂತಿತು. ನೀರಿಳಿದ ಮೇಲೆ ಅದನ್ನು ಹೊಳೆಗೆ ಎಳೆಯುವುದು ಹೇಗೆಂದು ತಲೆ ಕೆಡಿಸಿಕೊಂಡಿರುವಾಗ ಮತ್ತೊಂದು ನೆರೆ ಬಂದು ತೇಲಿಸಿಕೊಟ್ಟಿತು. ವ್ಯಾಪಾರವೆಲ್ಲ ತೆಂಕಣ ದಂಡೆ ಬಿಟ್ಟು ಎತ್ತರದ ಉತ್ತರ ದಂಡೆಗೆ ಗುಳೆ ಹೋದದ್ದು ಆಗಲೇ. ನೂರು ವರ್ಷದ ಬಳಿಕ ಪಾರ್ಕಿಗೆ ಅಷ್ಟು ನೆಲ ಸಿಕ್ಕಿತು ಎಂದರೆ ಅದರ ಹಿಂದೆ ಈ ನೆರೆಯೂ ಇದೆ.

1974ರ ಜನವರಿಯಲ್ಲಿ ಮತ್ತೆ 5.45 ಮೀಟರ್. ಸಸ್ಯೋದ್ಯಾನ ಮತ್ತೆ ಕೆಸರು. ಪದೇಪದೇ ಮುಳುಗುವ ಹಳೆಯ ತೋಟಕ್ಕೆ ಜೊತೆಯಾಗಿ 1976ರಲ್ಲಿ ಕೂಟ್-ತಾ ಗುಡ್ಡದ ತಪ್ಪಲಿನಲ್ಲಿ ಎರಡನೆಯ ಸಸ್ಯೋದ್ಯಾನ ತೆರೆದರು. ಮೇಲ್ಭಾಗದಲ್ಲಿ ವೈವೆನ್ಹೋ ಅಣೆಕಟ್ಟು ಕಟ್ಟಿದರು. 1980ರ ದಶಕದ ಮಧ್ಯದಲ್ಲಿ ಮುಗಿಯಿತು. ಇನ್ನು ನೆರೆಯ ಭಯವಿಲ್ಲ ಎಂದು ಜನ ನಂಬಿದರು. ಹೊಳೆ ಕಾಣುವ ಮನೆಗೆ ಬೆಲೆ ಏರಿತು, ತಗ್ಗಿನಲ್ಲೂ ಕಟ್ಟಿದರು. ಹಳೆಯ ಕ್ವೀನ್ಸ್‌ಲ್ಯಾಂಡರ್ ಮನೆಗಳು ಆಳೆತ್ತರದ ಮರದ ಕಂಬಗಳ ಮೇಲೆ ನಿಂತಿರುತ್ತಿದ್ದವು. ಅಡಿಯಲ್ಲಿ ಗಾಳಿ ಆಡುತ್ತದೆ, ಗೆದ್ದಲು ಕಾಣುತ್ತದೆ, ನೀರು ಬಂದರೆ ಹಾದುಹೋಗುತ್ತದೆ. ಅಣೆಕಟ್ಟಿನ ಧೈರ್ಯದಲ್ಲಿ ಆ ಅಡಿಭಾಗಕ್ಕೂ ಗೋಡೆ ಹಾಕಿ ಕೋಣೆ ಮಾಡಿಕೊಂಡರು.

ಒಂದೇ ಅಣೆಕಟ್ಟು ಕುಡಿಯುವ ನೀರನ್ನೂ ಕೂಡಿಡಬೇಕು, ನೆರೆಯನ್ನೂ ತಡೆಯಬೇಕು ಎಂದರೆ ಕಷ್ಟ. ಮೊದಲನೆಯದಕ್ಕೆ ಅದು ತುಂಬಿರಬೇಕು, ಎರಡನೆಯದಕ್ಕೆ ಖಾಲಿ ಇರಬೇಕು. 2007ರಲ್ಲಿ ಬರ ಬಂದು ಜಲಾಶಯಗಳು ಐದರಲ್ಲಿ ಒಂದು ಪಾಲಿಗೂ ಕೆಳಗಿಳಿದವು. ತಲೆಗೆ ದಿನಕ್ಕೆ 140 ಲೀಟರ್ ಎಂದು ಗುರಿ ಇಟ್ಟರು. ಸ್ನಾನ ನಾಲ್ಕು ನಿಮಿಷದಲ್ಲಿ ಮುಗಿಸಿ ಎಂದು ಮನೆಮನೆಗೆ ಮರಳಿನ ಗಡಿಯಾರ ಹಂಚಿದರು. ನಾಲ್ಕು ನಿಮಿಷದ ಸ್ನಾನದಿಂದ ನಾಲ್ಕೇ ವರ್ಷಕ್ಕೆ, 2011ರ ಜನವರಿ 13ರಂದು, ಊರಿನಲ್ಲಿ 4.46 ಮೀಟರ್ ನೀರು. ಅಣೆಕಟ್ಟಿನ ಬಾಗಿಲು ತೆಗೆದ ಹೊತ್ತು ಸರಿಯೇ ತಪ್ಪೇ ಎಂದು ಸಾವಿರಾರು ಮಂದಿ ಕೋರ್ಟಿಗೆ ಹೋದರು. 2019ರಲ್ಲಿ ನ್ಯಾಯಾಲಯ ನಿರ್ವಹಣೆಯಲ್ಲಿ ಲೋಪವಾಗಿದೆ ಎಂದಿತು. ಪ್ರತಿವಾದಿಗಳಲ್ಲಿ ಇಬ್ಬರು ರಾಜಿಗೆ ಬಂದರು, ಮೂರನೆಯವರು 2021ರಲ್ಲಿ ಮೇಲ್ಮನವಿ ಗೆದ್ದರು.

ಆ ನೆರೆಯ ಒಂದು ಚಿತ್ರವನ್ನು ಹತ್ತಿರದಿಂದ ಹೇಳಬೇಕು. ನ್ಯೂ ಫಾರ್ಮ್ ಬಡಾವಣೆಯಿಂದ ಪೇಟೆಯ ಕಡೆಗೆ ಹೊಳೆಯ ಮೇಲೆ ತೇಲುವ ಕಾಲುದಾರಿಯೊಂದನ್ನು 2003ರಲ್ಲಿ ಮಾಡಿದ್ದರು. ಜನ ಓಡುತ್ತಿದ್ದರು, ಸೈಕಲ್ ಹೊಡೆಯುತ್ತಿದ್ದರು. 2011ರ ಆ ಬೆಳಗಿನ ಜಾವ ಅದರ ಒಂದು ತುಂಡು ಕಳಚಿಕೊಂಡು ಹರಿವಿನಲ್ಲಿ ಹೊರಟಿತು. ತೂಕ ಸುಮಾರು 300 ಟನ್. ಮುಂದೆ ಗೇಟ್‌ವೇ ಸೇತುವೆಯ ಕಂಬಗಳು. ಒಬ್ಬ ದೋಣಿ ನಾವಿಕ ತನ್ನ ಚಿಕ್ಕ ಎಳೆದೋಣಿಯನ್ನು ಅದರ ಮೈಗೆ ಒತ್ತಿ, ಅತ್ತ ಇತ್ತ ದೂಡುತ್ತ, ಸೇತುವೆಯ ಕಂಬಗಳ ನಡುವೆ ನುಸುಳಿಸಿ ಕಡಲ ಕಡೆಗೆ ದಾಟಿಸಿಬಿಟ್ಟ. ಊರೇ ಉಸಿರು ಬಿಗಿಹಿಡಿದು ನೋಡಿತು. ನೀರಿಳಿದ ಮೇಲೆ ಸಲಿಕೆ, ಪೊರಕೆ ಹಿಡಿದು ಗುರುತಿಲ್ಲದವರ ಮನೆ ತೊಳೆಯಲು ಹತ್ತಾರು ಸಾವಿರ ಜನ ಹೊರಟರು. ಕೆಸರಿನ ಸೈನ್ಯ ಎಂದು ಅವರಿಗೆ ಹೆಸರು ಬಿತ್ತು. ಕಾಲುದಾರಿಯನ್ನು 2014ರಲ್ಲಿ ಮತ್ತೆ ಮಾಡಿದರು, ಈ ಸಲ ತೇಲುವುದಲ್ಲ, ಹೊಳೆಯ ತಳಕ್ಕೆ ಕಂಬ ಇಳಿಸಿ ನಿಲ್ಲಿಸಿದ್ದು.

2022ರ ಫೆಬ್ರವರಿ ಕೊನೆಯಲ್ಲಿ ಮೂರೇ ದಿನ 600 ಮಿಲಿಮೀಟರಿಗೂ ಮೀರಿ ಮಳೆ. ಹೊಳೆ 3.85 ಮೀಟರಿಗೆ ಏರಿತು. ಸೌತ್ ಬ್ಯಾಂಕಿನ ಹುಸಿ ಕಡಲಿಗೆ ನಿಜವಾದ ಹೊಳೆಯೇ ನುಗ್ಗಿತು, ತೀರ ತಿಂಗಳುಗಟ್ಟಲೆ ಮುಚ್ಚಿತ್ತು. ಆ ಸಲ ಸರ್ಕಾರ ಒಂದು ಬುದ್ಧಿವಂತ ಕೆಲಸ ಮಾಡಿತು: ಮತ್ತೆ ಮತ್ತೆ ಮುಳುಗುವ ಮನೆಗಳನ್ನು, ಮಾಲೀಕರು ಒಪ್ಪಿದರೆ, ಕೊಂಡು, ಕೆಡವಿ, ಆ ನೆಲವನ್ನು ಬಯಲಾಗಿ ಬಿಟ್ಟಿತು. ತಗ್ಗಿನ ಕೆಲವು ಬೀದಿಗಳಲ್ಲಿ ಮನೆ, ಮನೆ, ಆಮೇಲೆ ಬರಿ ಹುಲ್ಲು, ಮತ್ತೆ ಮನೆ. ಹೊಳೆಯ ಪಾಲನ್ನು ಹೊಳೆಗೆ ಬಿಟ್ಟುಕೊಡುವುದು ಎಂದರೆ ಇದೇ. ಪಾರ್ಕು ಮುಳುಗಿದರೆ ತೊಳೆದರೆ ಆಯಿತು. ಮನೆ ಮುಳುಗಿದರೆ ಒಂದು ಸಂಸಾರ ಮುಳುಗುತ್ತದೆ. ದಂಡೆಯಲ್ಲಿ ಪಾರ್ಕು ಇರಬೇಕೆನ್ನುವುದಕ್ಕೆ ಇದಕ್ಕಿಂತ ಗಟ್ಟಿ ವಾದ ನನಗೆ ಗೊತ್ತಿಲ್ಲ. ಅಂದಚಂದದ ಮಾತೆಲ್ಲ ಆಮೇಲಿನದು.

ನಿಜವಾದ ಕಡಲ ಬಗ್ಗೆಯೂ ಚುಟುಕಾಗಿ ಹೇಳಿಬಿಡುತ್ತೇನೆ. ತೆಂಕಣಕ್ಕೆ ಗೋಲ್ಡ್ ಕೋಸ್ಟ್, ಬಡಗಣಕ್ಕೆ ಸನ್‌ಶೈನ್ ಕೋಸ್ಟ್. ಅಲೆ, ಮರಳು, ಎತ್ತರದ ಹೋಟೆಲುಗಳು. ಅಲ್ಲಿ ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಿರಿ. ಬಾವುಟದಾಚೆ ನೀರು ಶಾಂತವಾಗಿ ಕಂಡರೆ ಅದೇ ಒಳಕ್ಕೆ ಎಳೆಯುವ ಜಾಗ ಇರಬಹುದು. ನನ್ನನ್ನು ಕೇಳಿದರೆ ಇವೆರಡಕ್ಕಿಂತ ಕೊಲ್ಲಿಯಾಚೆಯ ಮಿಂಜೆರಿಬಾ ದ್ವೀಪಕ್ಕೆ ಹೋಗಿ. ಕವಯಿತ್ರಿ ಊಜರೂ ನೂನಕ್ಕಲ್ ಹುಟ್ಟಿದ ನೆಲ. 1964ರಲ್ಲಿ ಬಂದ ಆಕೆಯ ಸಂಕಲನ ಆ ದೇಶದ ಮೂಲನಿವಾಸಿ ಕವಿಯೊಬ್ಬರು ಪ್ರಕಟಿಸಿದ ಮೊದಲ ಪುಸ್ತಕ. 2011ರ ಜುಲೈಯಲ್ಲಿ ಕ್ವಾಂಡಮೂಕ ಜನರಿಗೆ ಆ ದ್ವೀಪದ ಮೇಲಿನ ಹಕ್ಕನ್ನು ನ್ಯಾಯಾಲಯ ಮಾನ್ಯ ಮಾಡಿತು; ದಶಕಗಳ ಕಾಲ ನಡೆದ ಮರಳು ಗಣಿಗಾರಿಕೆ 2019ರ ಕೊನೆಗೆ ನಿಂತಿತು.

ಇಷ್ಟೆಲ್ಲ ಕಲಿತ ಊರು ಕಲಿತದ್ದನ್ನು ಉಳಿಸಿಕೊಂಡಿದೆಯೇ? 2032ರ ಒಲಿಂಪಿಕ್ಸ್ ಬ್ರಿಸ್ಬೇನಿನಲ್ಲಿ. ಪೇಟೆಯ ಪಕ್ಕದಲ್ಲೇ ವಿಕ್ಟೋರಿಯಾ ಪಾರ್ಕ್ ಇದೆ. ಮೂಲನಿವಾಸಿಗಳಿಗೆ ಅದು ಬರ್‍ರಂಬಿನ್, ಅವರ ಬೀಡಾಗಿದ್ದ ಜಾಗ. 90 ವರ್ಷ ಗಾಲ್ಫ್ ಆಡುವವರ ಕೈಯಲ್ಲಿತ್ತು. 2021ರಲ್ಲಿ ಗಾಲ್ಫ್ ನಿಲ್ಲಿಸಿ ಇನ್ನು ಇದು ಎಲ್ಲರ ಉದ್ಯಾನ ಎಂದರು. 2025ರ ಮಾರ್ಚಿನಲ್ಲಿ ಅದೇ ನೆಲದಲ್ಲಿ 63,000 ಆಸನದ ಕ್ರೀಡಾಂಗಣ ಕಟ್ಟುವುದಾಗಿ ಸರ್ಕಾರ ಪ್ರಕಟಿಸಿತು. 1988ರ ಬಳಿಕ ದಂಡೆಯನ್ನು ಉಳಿಸಿಕೊಂಡ ಹಾಗೆಯೇ ಜನ ಈಗಲೂ ಸಭೆ ಸೇರುತ್ತಿದ್ದಾರೆ, ಸಹಿ ಹಾಕುತ್ತಿದ್ದಾರೆ. ಎರಡು ವಾರದ ಆಟಕ್ಕೆ ಉದ್ಯಾನವನ್ನು ಕೊಡುವುದು ತಪ್ಪು ಎಂಬುದೇ ನನ್ನ ಅಭಿಪ್ರಾಯ; ಅಲ್ಲಿ ನನಗೆ ಮತವಿಲ್ಲ, ಅದು ಬೇರೆ ಮಾತು. ಮಕ್ಕಳ ಮನೆಗೆಂದು ಆ ಕಡೆ ಹೋಗುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ಸೌತ್ ಬ್ಯಾಂಕನ್ನು ನಿಧಾನವಾಗಿ ನೋಡಿ, ಅದು ಎಲ್ಲಿಗೂ ಹೋಗುವುದಿಲ್ಲ. ವಿಕ್ಟೋರಿಯಾ ಪಾರ್ಕನ್ನು ಮಾತ್ರ ಬೇಗ ನೋಡಿ ಬನ್ನಿ.